ಒಂದು ನೊಣಕ್ಕೆ ನಾಲ್ಕು ಹೆಸರು

ಮೇ ತಿಂಗಳ ಒಂದು ಮಧ್ಯಾಹ್ನವನ್ನು ನೆನಪಿಗೆ ತಂದುಕೊಳ್ಳಿ. ಊಟ ಮುಗಿದಿದೆ, ಮಾವಿನ ಬುಟ್ಟಿ ಪಡಸಾಲೆಗೆ ಬಂದಿದೆ. ಬಣ್ಣ ನೋಡಿ, ವಾಸನೆ ನೋಡಿ, ಒಂದು ಒಳ್ಳೆಯ ಹಣ್ಣನ್ನು ಆರಿಸಿ ಕೊಯ್ಯುತ್ತೀರಿ. ಒಳಗೆ ತಿರುಳು ಕೊಳೆತು ನೀರಾಗಿದೆ. ಅದರಲ್ಲಿ ಅಕ್ಕಿಕಾಳಿನಷ್ಟು ಉದ್ದದ ಬಿಳಿ ಹುಳುಗಳು ಹರಿದಾಡುತ್ತಿವೆ. ಹೊರಗಿನ ಸಿಪ್ಪೆಯನ್ನು ತಿರುಗಿಸಿ ನೋಡಿದರೆ ಸೂಜಿ ಚುಚ್ಚಿದಷ್ಟು ಗುರುತು ಮಾತ್ರ ಇದೆ. ಕಾಸರಗೋಡಿನ ತೋಟದ ಹಣ್ಣಾಗಲಿ, ಹೊಸೂರು-ಕೃಷ್ಣಗಿರಿ ಕಡೆಯ ಹಣ್ಣಾಗಲಿ, ಸೊಲ್ಲಾಪುರದ ಸಂತೆಯಲ್ಲಿ ಕೊಂಡ ಹಣ್ಣಾಗಲಿ, ಈ ಅನುಭವ ನಮಗೆಲ್ಲ ಒಂದೇ.

ಆ ಹುಳುವಿನ ತಾಯಿಯೇ ಹಣ್ಣಿನ ನೊಣ. ಬಾಳೆಹಣ್ಣಿನ ಗೊನೆಯ ಸುತ್ತ ಮುತ್ತಿಕೊಳ್ಳುವ ಸಾಸಿವೆಯಂಥ ಸಣ್ಣ ನೊಣ ಅಲ್ಲ. ಅದು ಬೇರೆಯೇ ಸಂಸಾರದ್ದು. ಇದು ಮನೆಯ ನೊಣದಷ್ಟೇ ದೊಡ್ಡದು, ನೋಡಲು ಕಣಜದಂತೆ ಇರುತ್ತದೆ. ಬೆನ್ನಿನ ಮೇಲೆ ಎರಡು ಹಳದಿ ಪಟ್ಟೆ, ಹೊಟ್ಟೆಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಸೇರುವ ಕಪ್ಪು ಗೆರೆ, ಪಾರದರ್ಶಕವಾದ ರೆಕ್ಕೆಯ ಮುಂದಿನ ಅಂಚಿಗೆ ತೆಳುವಾದ ಕಂದು ಗೀಟು. ಹೆಣ್ಣುನೊಣದ ಹಿಂಬದಿಯಲ್ಲಿ ಮೊಟ್ಟೆಯಿಡುವ ಸೂಜಿ ಇದೆ. ಬಲಿಯುತ್ತಿರುವ ಹಣ್ಣಿಗೆ ಅದನ್ನು ಚುಚ್ಚಿ ಸಿಪ್ಪೆಯ ಕೆಳಗೆ ಮೊಟ್ಟೆ ಇಡುತ್ತದೆ. ಹುಳು ತಿರುಳನ್ನು ತಿಂದು ಬೆಳೆದು, ಹಣ್ಣಿನಿಂದ ಹೊರಬಂದು, ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಏಳುತ್ತದೆ.

ಈ ನೊಣವನ್ನು ಗುರುತಿಸುವುದರಲ್ಲಿ ವಿಜ್ಞಾನಿಗಳು ಇನ್ನೂರು ವರ್ಷ ಪಟ್ಟ ಪಾಡಿನ ಕಥೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಒಂದು ನೊಣದ ಹೆಸರಿಗಾಗಿ ಇಷ್ಟೊಂದು ಮಾತೇಕೆ ಎಂದು ನೀವು ಕೇಳಬಹುದು. ಆ ಹೆಸರಿನ ಮೇಲೆ ಹಡಗುಗಳು ನಿಂತಿವೆ, ತೋಟಗಳು ನಷ್ಟ ಕಂಡಿವೆ. ಅದಕ್ಕಾಗಿಯೇ ಈ ಮಾತು.

ಕಥೆ 1794ರಲ್ಲಿ ಆರಂಭವಾಗುತ್ತದೆ. ಲಿನೀಯಸನ ಶಿಷ್ಯನಾದ ಡೆನ್ಮಾರ್ಕಿನ ಫ್ಯಾಬ್ರಿಸಿಯಸ್ ಪೂರ್ವದೇಶಗಳಿಂದ ಬಂದ ಒಂದು ನೊಣಕ್ಕೆ ‘ಮಸ್ಕಾ ಫೆರುಜಿನಿಯಾ’ ಎಂದು ಹೆಸರಿಟ್ಟ. ಫೆರುಜಿನಿಯಾ ಎಂದರೆ ಕಬ್ಬಿಣದ ತುಕ್ಕಿನ ಬಣ್ಣದ್ದು. ಆದರೆ ಅದೇ ಹೆಸರನ್ನು ಸ್ಕೊಪೊಲಿ ಎಂಬಾತ 1763ರಲ್ಲಿಯೇ ಬೇರೊಂದು ನೊಣಕ್ಕೆ ಕೊಟ್ಟಾಗಿತ್ತು. ಪ್ರಾಣಿಶಾಸ್ತ್ರದ ನಿಯಮ ಕಟ್ಟುನಿಟ್ಟಾದದ್ದು: ಒಂದು ಹೆಸರು ಇಬ್ಬರಿಗೆ ಸಲ್ಲದು, ಮೊದಲು ಪಡೆದವರಿಗೇ ಅದು ಉಳಿಯುತ್ತದೆ. ಹೀಗೆ ನಮ್ಮ ನೊಣದ ಮೊದಲ ಹೆಸರೇ ನಿಲ್ಲಲಿಲ್ಲ. ಆದರೂ ಹಳೆಯ ಕೃಷಿ ಪುಸ್ತಕಗಳಲ್ಲಿ ಬಹಳ ಕಾಲ ‘ಫೆರುಜಿನಿಯಸ್’ ಎಂದೇ ಅದು ಕಾಣಿಸಿಕೊಂಡಿತು.

1912ರಲ್ಲಿ ಆಸ್ಟ್ರಿಯಾದ ಫ್ರೆಡ್ರಿಕ್ ಹೆಂಡೆಲ್ ಅವರು, ಹಾನ್ಸ್ ಸಾಟರ್ ಎಂಬವರು ಫಾರ್ಮೋಸಾ ದ್ವೀಪದಲ್ಲಿ, ಅಂದರೆ ಇಂದಿನ ತೈವಾನಿನಲ್ಲಿ ಸಂಗ್ರಹಿಸಿದ ನೊಣಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಒಂದಕ್ಕೆ ‘ಡೇಕಸ್ ಡಾರ್ಸಾಲಿಸ್’ ಎಂದು ಹೆಸರಿಟ್ಟರು. ಮುಂದೆ ಕುಲದ ಹೆಸರು ಬದಲಾಗಿ ಅದು ‘ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್’ ಆಯಿತು. ಇಂದಿಗೂ ನಿಂತಿರುವ ಹೆಸರು ಇದೇ.

ಇದಾದ ನಾಲ್ಕು ವರ್ಷಕ್ಕೆ, 1916ರಲ್ಲಿ, ಇಟಲಿಯ ಮಾರಿಯೋ ಬೆಜ್ಜಿ ಅವರು ಭಾರತ, ಬರ್ಮಾ ಮತ್ತು ಸಿಲೋನಿನ ಹಣ್ಣಿನ ನೊಣಗಳನ್ನು ಒಂದೆಡೆ ತಂದು ವಿವರಿಸಿದರು. ಬೆನ್ನು ಕಪ್ಪಾದದ್ದು, ಕೆಂಪಾದದ್ದು ಎಂಬ ಭೇದ ಅವರ ಕಣ್ಣಿಗೂ ಬಿದ್ದಿತ್ತು. ಆದರೆ ಅವರು ಡಾರ್ಸಾಲಿಸನ್ನು ಬೇರೆ ಪ್ರಭೇದವೆನ್ನದೆ, ಫೆರುಜಿನಿಯಸ್ಸಿನ ಒಂದು ಬಗೆಯೆಂದೇ ಇಟ್ಟರು. ನೋಡಿ, ಪ್ರಶ್ನೆ ಅಂದೇ ಹುಟ್ಟಿತ್ತು: ಕಾಣುವ ಭೇದವೆಲ್ಲ ಬೇರೆ ಬೇರೆ ಪ್ರಭೇದಗಳ ಗುರುತೇ? ಅಥವಾ ಒಂದೇ ಪ್ರಭೇದದ ಒಳಗಿನ ವೈವಿಧ್ಯವೇ?

ಇದೇ ಕಾಲದಲ್ಲಿ ನಮ್ಮ ದೇಶದಲ್ಲಿ ಒಂದು ದೊಡ್ಡ ಶೋಧ ಆಕಸ್ಮಿಕವಾಗಿ ನಡೆಯಿತು. ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಫ್ರಾಂಕ್ ಹೌಲೆಟ್ ಎಂಬ ಕೀಟಶಾಸ್ತ್ರಜ್ಞರಿದ್ದರು. ಅಲ್ಲಿ ಒಬ್ಬರು ಸೊಳ್ಳೆಕಾಟ ತಪ್ಪಿಸಿಕೊಳ್ಳಲು ಕರವಸ್ತ್ರಕ್ಕೆ ಸಿಟ್ರೊನೆಲಾ ಎಣ್ಣೆ ಹಚ್ಚಿಕೊಂಡಿದ್ದರು. ಇದು ನಮ್ಮ ಮಜ್ಜಿಗೆ ಹುಲ್ಲಿನ ಬಳಗದ ಹುಲ್ಲಿನಿಂದ ತೆಗೆಯುವ ಎಣ್ಣೆ. ಸೊಳ್ಳೆಯ ಮಾತು ಹಾಗಿರಲಿ, ಹಣ್ಣಿನ ನೊಣಗಳು ಆ ಕರವಸ್ತ್ರಕ್ಕೆ ಮುತ್ತಿದವು. ಹೌಲೆಟ್ ಗಮನಿಸಿ ನೋಡಿದರೆ ಬಂದವೆಲ್ಲ ಗಂಡುಗಳು! 1912ರಲ್ಲಿ ಇದನ್ನು ಬರೆದು ಪ್ರಕಟಿಸಿದರು. 1915ರ ಹೊತ್ತಿಗೆ ನೊಣಗಳನ್ನು ಸೆಳೆಯುವ ವಸ್ತುಗಳಲ್ಲಿ ಮುಖ್ಯವಾದದ್ದು ಮೀಥೈಲ್ ಯುಜಿನಾಲ್ ಎಂಬುದನ್ನೂ ತೋರಿಸಿದರು. ತುಳಸಿಯ ಕೆಲವು ಬಗೆಗಳಲ್ಲಿಯೂ ಈ ವಸ್ತು ಇದೆ. ಇಂದು ಮಾವಿನ ತೋಟದಲ್ಲಿ ನೇತುಹಾಕುವ ಪ್ಲಾಸ್ಟಿಕ್ ಡಬ್ಬಿಯ ಬಲೆಗೆ ಮೂಲ ಆ ಕರವಸ್ತ್ರವೇ.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಈ ನೊಣ ಸೈನ್ಯದ ಸಾಮಾನು ಸರಂಜಾಮಿನ ಜೊತೆ ಪೆಸಿಫಿಕ್ ಸಾಗರ ದಾಟಿ ಹವಾಯಿಗೆ ಇಳಿಯಿತು. ಅಮೆರಿಕ ಎಚ್ಚೆತ್ತಿತು. ಸ್ಟೈನರ್ ಎಂಬವರು ಹೌಲೆಟ್ ಅವರ ಮೀಥೈಲ್ ಯುಜಿನಾಲನ್ನು ಮತ್ತೆ ಕೈಗೆತ್ತಿಕೊಂಡು, ಅದಕ್ಕೆ ಕೀಟನಾಶಕ ಬೆರೆಸಿ ಗಂಡುನೊಣಗಳನ್ನು ಕೊಲ್ಲುವ ವಿಧಾನವನ್ನು ರೂಪಿಸಿದರು. ಇದರಿಂದ 1960ರ ದಶಕದಲ್ಲಿ ರೋಟಾ ದ್ವೀಪದಿಂದಲೂ, 1986ರ ಹೊತ್ತಿಗೆ ಜಪಾನಿನ ದಕ್ಷಿಣದ ದ್ವೀಪಗಳಿಂದಲೂ ಈ ನೊಣವನ್ನು ನಿರ್ಮೂಲ ಮಾಡಿದರು. ಗಂಡಿಲ್ಲದಿದ್ದರೆ ಹೆಣ್ಣು ಇಡುವ ಮೊಟ್ಟೆ ಫಲಿಸದು; ಲೆಕ್ಕ ಇಷ್ಟೇ.

ಆದರೆ ಶತ್ರು ಯಾರೆಂಬುದು ತಿಳಿದಿರಬೇಕಲ್ಲವೇ? ಹವಾಯಿ ವಿಶ್ವವಿದ್ಯಾಲಯದ ಹಾರ್ಡಿ ಅವರು 1969ರಲ್ಲಿ, ಡಾರ್ಸಾಲಿಸ್ ಎಂದು ಕರೆಯುತ್ತಿರುವುದು ಒಂದು ನೊಣವಲ್ಲ, ಒಂದನ್ನೊಂದು ಹೋಲುವ ನೊಣಗಳ ಗುಂಪು ಎಂದು ತೋರಿಸಿದರು. ಅಲ್ಲಿಂದ ಗುಂಪನ್ನು ಬಿಡಿಸುವ ಕೆಲಸ ಬಿರುಸಾಯಿತು. 1994ರಲ್ಲಿ ಆಸ್ಟ್ರೇಲಿಯಾದ ಡ್ರ್ಯೂ ಮತ್ತು ಹ್ಯಾನ್‌ಕಾಕ್ ಅವರು ಏಷ್ಯಾದ ಈ ಗುಂಪಿನಲ್ಲಿ 52 ಪ್ರಭೇದಗಳನ್ನು ವಿವರಿಸಿದರು. ಅವುಗಳಲ್ಲಿ 40 ಹೊಸವು. ಥಾಯ್ಲೆಂಡಿನ ದಕ್ಷಿಣದಿಂದ ಮಲೇಶಿಯಾ, ಇಂಡೋನೇಶಿಯಾದವರೆಗಿನ ನೊಣಕ್ಕೆ ‘ಪಪಾಯೇ’ ಎಂದೂ, ಫಿಲಿಪೀನ್ಸಿನ ನೊಣಕ್ಕೆ ‘ಫಿಲಿಪ್ಪಿನೆನ್ಸಿಸ್’ ಎಂದೂ, ನಮ್ಮ ಕರಾವಳಿಯವರು ದಾರೆಹುಳಿ ಎನ್ನುವ ಹಣ್ಣಿನ ಹೆಸರಿನಿಂದ ಇನ್ನೊಂದಕ್ಕೆ ‘ಕ್ಯಾರಂಬೋಲೇ’ ಎಂದೂ ಹೆಸರು ಬಂತು.

ಅವರು ಇದನ್ನು ಉಡಾಫೆಯಿಂದ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ಅದು ಸಾವಿರಾರು ನೊಣಗಳನ್ನು ಸೂಜಿಗೆ ಚುಚ್ಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ವರ್ಷಗಟ್ಟಲೆ ಮಾಡಿದ ಕೆಲಸ. ಬೆನ್ನಿನ ಬಣ್ಣ ಕಪ್ಪೇ ಕೆಂಗಂದೇ, ರೆಕ್ಕೆಯ ಅಂಚಿನ ಗೀಟು ಎಷ್ಟು ಅಗಲ, ಹೊಟ್ಟೆಯ ಗೆರೆ ಹೇಗಿದೆ, ಹೆಣ್ಣಿನ ಸೂಜಿ ಎಷ್ಟು ಉದ್ದ, ಇವೇ ಅವರ ಅಳತೆಗೋಲು. ಪಪಾಯೇ ಹೆಣ್ಣಿನ ಸೂಜಿ ಡಾರ್ಸಾಲಿಸ್ ಹೆಣ್ಣಿನದಕ್ಕಿಂತ ಉದ್ದವೆಂದು ಅವರು ಕಂಡಿದ್ದರು. ತೊಡಕು ಎಲ್ಲಿತ್ತೆಂದರೆ, ಸೂಜಿಗೆ ಚುಚ್ಚಿದ ಸತ್ತ ನೊಣ ತನ್ನ ಸಂಗಾತಿ ಯಾರೆಂದು ಹೇಳಲಾರದು.

ಇಲ್ಲಿ ನಮ್ಮದೇ ಒಂದು ಉದಾಹರಣೆ ಕೊಡುತ್ತೇನೆ. ಕಾಸರಗೋಡಿನವರು ‘ಎಂತ ಮಾರಾಯ್ರೇ’ ಎನ್ನುತ್ತಾರೆ, ಅಕ್ಕಲಕೋಟೆಯವರು ‘ಏನ್ರೀಪಾ’ ಎನ್ನುತ್ತಾರೆ. ಈ ಇಬ್ಬರ ಮಾತನ್ನು ಮಾತ್ರ ಪಕ್ಕಪಕ್ಕದಲ್ಲಿಟ್ಟು ಕೇಳಿದ ಹೊರಗಿನವರೊಬ್ಬರು ಇವು ಎರಡು ಭಾಷೆ ಎಂದು ಬರೆದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಕಾಸರಗೋಡಿನಿಂದ ಹೊರಟು, ಊರೂರು ನಿಂತು, ಮಾತಾಡಿಸುತ್ತ ಅಕ್ಕಲಕೋಟೆಯವರೆಗೆ ನಡೆದವರಿಗೆ ಒಂದು ಭಾಷೆ ಮುಗಿದು ಇನ್ನೊಂದು ಮೊದಲಾದ ಜಾಗವೇ ಸಿಗುವುದಿಲ್ಲ. ಮಾತು ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಹೋಗುತ್ತದೆ. ಎರಡು ತುದಿಗಳನ್ನು ಮಾತ್ರ ನೋಡಿದರೆ ಭೇದ ಕಾಣುತ್ತದೆ; ನಡುವಿನ ದಾರಿಯನ್ನೂ ನೋಡಿದರೆ ಒಂದೆಂಬುದು ತಿಳಿಯುತ್ತದೆ. ನೊಣದ ವಿಷಯದಲ್ಲಿಯೂ ಕೇಳಬೇಕಾಗಿದ್ದ ಪ್ರಶ್ನೆ ಇದೇ.

ಅಷ್ಟರಲ್ಲಿ ಹೊಸ ಹೆಸರುಗಳು ಪುಸ್ತಕದಿಂದ ಬಂದರಿಗೆ ಇಳಿದಿದ್ದವು. ದೇಶದೇಶಗಳ ನಡುವೆ ಹಣ್ಣಿನ ವ್ಯಾಪಾರ ನಡೆಯುವಾಗ ಕೀಟತಡೆಯ ಕಾನೂನು ಪ್ರಭೇದದ ಹೆಸರನ್ನು ಹಿಡಿದೇ ಮಾತಾಡುತ್ತದೆ. ಇಂಥ ನೊಣ ನಮ್ಮಲ್ಲಿಲ್ಲ, ನಿಮ್ಮಲ್ಲಿದೆ, ಆದ್ದರಿಂದ ನಿಮ್ಮ ಹಣ್ಣು ಬೇಡ ಎನ್ನುವುದು ಅದರ ರೀತಿ. 1995ರಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್ ಪಟ್ಟಣದ ಸುತ್ತ ‘ಪಪಾಯೇ’ ಕಾಣಿಸಿಕೊಂಡಿತು. ಅಲ್ಲಿಂದ ಹಣ್ಣು ಹೊರಗೆ ಹೋಗದಂತೆ ನಿರ್ಬಂಧ ಹಾಕಿ, ಕೋಟಿಗಟ್ಟಲೆ ಡಾಲರು ಖರ್ಚು ಮಾಡಿ, 1999ರ ಹೊತ್ತಿಗೆ ಅದನ್ನು ನಿರ್ಮೂಲ ಮಾಡಿದರು. ಬಳಸಿದ್ದು ಮತ್ತೆ ಅದೇ ಮೀಥೈಲ್ ಯುಜಿನಾಲ್. ಹೆಸರು ಬೇರೆಯಾದರೂ ನೊಣದ ಮೂಗು ಬೇರೆಯಾಗಿರಲಿಲ್ಲ.

2003ರಲ್ಲಿ ಕೆನ್ಯಾದಲ್ಲಿ ಏಷ್ಯಾದ ಒಂದು ನೊಣ ಸಿಕ್ಕಿತು. ಅದು ಡಾರ್ಸಾಲಿಸನ್ನೇ ಹೋಲುತ್ತಿತ್ತು, ಆದರೆ ಬೆನ್ನಿನ ಬಣ್ಣ ಒಂದರಂತೆ ಒಂದಿಲ್ಲ. ಕೆಲವು ಕಪ್ಪು, ಕೆಲವು ಕೆಂಗಂದು, ಕೆಲವು ಎರಡೂ ಬೆರೆತವು. ಶ್ರೀಲಂಕಾದಲ್ಲಿ ಹಿಡಿದಿದ್ದ ಇಂಥವೇ ನೊಣಗಳ ಜೊತೆ ಹೋಲಿಸಿ 2005ರಲ್ಲಿ ಡ್ರ್ಯೂ, ಟ್ಸುರುಟಾ ಮತ್ತು ವೈಟ್ ಅವರು ಅದಕ್ಕೆ ‘ಇನ್ವೇಡೆನ್ಸ್’, ಅಂದರೆ ದಾಳಿಕೋರ, ಎಂದು ಹೆಸರಿಟ್ಟರು. ಹೆಸರಿಗೆ ತಕ್ಕಂತೆ ಅದು ಕೆಲವೇ ವರ್ಷಗಳಲ್ಲಿ ಸಹಾರಾದ ದಕ್ಷಿಣದ ಆಫ್ರಿಕಾವನ್ನೆಲ್ಲ ಆವರಿಸಿತು. 2007ರಲ್ಲಿ ಮೊಜಾಂಬಿಕ್‌ನ ಉತ್ತರದಲ್ಲಿ ಸಿಕ್ಕಿತು. 2008ರಲ್ಲಿ ದಕ್ಷಿಣ ಆಫ್ರಿಕಾ ಆ ದೇಶದ ಹಣ್ಣಿಗೆ ಸ್ವಲ್ಪ ಕಾಲ ಬಾಗಿಲು ಮುಚ್ಚಿತು.

ಆಫ್ರಿಕಾದ ಸಣ್ಣ ರೈತನ ಸ್ಥಿತಿಯನ್ನು ಯೋಚಿಸಿ. ತನ್ನ ಮಾವಿಗೆ ಬಂದಿರುವುದು ಹೊಸ ಪ್ರಭೇದ ಎಂದರೆ, ಅದು ಯಾವ ಉಷ್ಣತೆಗೆ ಸಾಯುತ್ತದೆ, ಎಷ್ಟು ಹೊತ್ತು ಬಿಸಿನೀರಿನಲ್ಲಿಟ್ಟರೆ ಹಣ್ಣು ಶುದ್ಧವಾಗುತ್ತದೆ, ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಿ ತೋರಿಸಬೇಕು. ಅದುವರೆಗೆ ಕೊಳ್ಳುವ ದೇಶ ಒಪ್ಪುವುದಿಲ್ಲ. ಡಾರ್ಸಾಲಿಸ್ ಕುರಿತು ಹವಾಯಿ, ಜಪಾನ್, ಭಾರತಗಳಲ್ಲಿ ಒಂದು ಶತಮಾನದಿಂದ ಕೂಡಿಟ್ಟ ತಿಳಿವಳಿಕೆ ಕಪಾಟಿನಲ್ಲಿತ್ತು. ಬೇರೆ ಹೆಸರಿನಿಂದಾಗಿ ಆ ಕಪಾಟಿಗೆ ಬೀಗ ಬಿದ್ದಂತಾಗಿತ್ತು.

ಇಂಥ ನಿಷೇಧದ ಬಿಸಿ ನಮಗೂ ತಟ್ಟಿದೆ. ಹಣ್ಣಿನ ನೊಣದ ಭಯದಿಂದ 1986ರಿಂದ 2006ರವರೆಗೆ ಜಪಾನ್ ಭಾರತದ ಮಾವನ್ನು ಕೊಳ್ಳಲಿಲ್ಲ. ಬಿಸಿ ಹಬೆಯಿಂದ ಹಣ್ಣಿನೊಳಗಿನ ಹುಳುವನ್ನು ಕೊಲ್ಲುವ ವ್ಯವಸ್ಥೆಯಾದ ಮೇಲೆಯೇ ಬಾಗಿಲು ತೆರೆಯಿತು. 2014ರ ಮೇ ತಿಂಗಳಿಂದ ಯುರೋಪಿನ ಒಕ್ಕೂಟವೂ ನಮ್ಮ ಮಾವು ಮತ್ತು ನಾಲ್ಕು ತರಕಾರಿಗಳನ್ನು ತಡೆಯಿತು. ಮಾವಿನ ಮೇಲಿನ ತಡೆ 2015ರ ಆರಂಭದಲ್ಲಿ ತೆರವಾಯಿತು. ಹಣ್ಣಿನ ಕಾಲ ಎರಡು ತಿಂಗಳದ್ದು. ಆ ಎರಡು ತಿಂಗಳು ಕಳೆದರೆ ಬೆಳೆಗಾರನಿಗೆ ಇಡೀ ವರ್ಷವೇ ಹೋದಂತೆ.

ಈ ಗೊಂದಲವನ್ನು ಬಗೆಹರಿಸಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಹಾಗೂ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಸೇರಿ 2010ರಲ್ಲಿ ಒಂದು ಸಂಶೋಧನಾ ಯೋಜನೆ ಆರಂಭಿಸಿದವು. ಪರಮಾಣು ಸಂಸ್ಥೆಗೂ ನೊಣಕ್ಕೂ ಏನು ಸಂಬಂಧ ಎನ್ನುತ್ತೀರಾ? ಗಂಡುನೊಣಗಳನ್ನು ವಿಕಿರಣದಿಂದ ಬಂಜೆಮಾಡಿ ತೋಟಗಳಲ್ಲಿ ಬಿಡುವ ಒಂದು ವಿಧಾನವಿದೆ. ಅವುಗಳೊಡನೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಆದರೆ ಬಿಟ್ಟ ಗಂಡು ಬೇರೆ ಪ್ರಭೇದದ್ದಾದರೆ ಹೆಣ್ಣು ಅದನ್ನು ಹತ್ತಿರ ಸೇರಿಸುವುದಿಲ್ಲ. ಹಾಕಿದ ಹಣವೆಲ್ಲ ವ್ಯರ್ಥ. ಆದ್ದರಿಂದ ಯಾವ ನೊಣ ಯಾರದ್ದು ಎಂಬುದು ಅವರಿಗೆ ಅಗತ್ಯವಾಗಿತ್ತು.

ಈ ಬಾರಿ ಒಂದೇ ಅಳತೆಗೋಲನ್ನು ನಂಬಲಿಲ್ಲ. ಮೊದಲನೆಯದಾಗಿ, ನಡುವಿನ ದಾರಿಯ ನೊಣಗಳನ್ನೂ ಹಿಡಿದರು. ಥಾಯ್ಲೆಂಡಿನ ಕ್ರಾ ಭೂಸಂಧಿಯ ಉತ್ತರಕ್ಕೆ ಡಾರ್ಸಾಲಿಸ್, ದಕ್ಷಿಣಕ್ಕೆ ಪಪಾಯೇ ಎಂಬುದು ಹಿಂದಿನ ತಿಳಿವಳಿಕೆ. ಉದ್ದಕ್ಕೂ ಹಿಡಿದು ಅಳೆದರೆ ರೆಕ್ಕೆಯ ಆಕಾರದಲ್ಲಾಗಲಿ, ಅಂಗಗಳ ಉದ್ದದಲ್ಲಾಗಲಿ ಎಲ್ಲಿಯೂ ಗಡಿಕಲ್ಲು ಸಿಗಲಿಲ್ಲ. ಅಳತೆ ಮೆಲ್ಲಮೆಲ್ಲಗೆ ಬದಲಾಗುತ್ತ ಹೋಗಿತ್ತು. ಎರಡನೆಯದಾಗಿ, ಡಿಎನ್‌ಎಯ ಹಲವು ಭಾಗಗಳನ್ನು ಓದಿದರು. ನಾಲ್ಕೂ ಹೆಸರಿನ ನೊಣಗಳು ಅಲ್ಲಿ ಬೆರೆತೇ ಕಾಣಿಸಿಕೊಂಡವು. ಮೂರನೆಯದಾಗಿ, ವರ್ಣತಂತುಗಳನ್ನು ಹೋಲಿಸಿದರು. ಬೇರ್ಪಡಿಸುವಂಥ ಭೇದ ಸಿಗಲಿಲ್ಲ.

ನಾಲ್ಕನೆಯ ಪರೀಕ್ಷೆ ನೊಣಗಳನ್ನೇ ಕೇಳುವುದು. ದೊಡ್ಡ ಬಲೆಯ ಪಂಜರದೊಳಗೆ ಗಿಡಗಳನ್ನಿಟ್ಟು, ಬೇರೆ ಬೇರೆ ಹೆಸರಿನ ಗಂಡು ಹೆಣ್ಣುಗಳನ್ನು ಒಟ್ಟಿಗೆ ಬಿಟ್ಟರು. ಈ ನೊಣಗಳು ಕೂಡುವುದು ಮುಸ್ಸಂಜೆಯಲ್ಲಿ. ಡಾರ್ಸಾಲಿಸ್, ಪಪಾಯೇ, ಫಿಲಿಪ್ಪಿನೆನ್ಸಿಸ್, ಇನ್ವೇಡೆನ್ಸ್ ಎಂಬ ಭೇದವನ್ನು ಅವು ಮಾಡಲೇ ಇಲ್ಲ. ಯಾರೊಡನೆ ಯಾರೂ ಕೂಡಿದರು, ಮರಿಗಳೂ ಚೆನ್ನಾಗಿಯೇ ಬೆಳೆದವು. ಕ್ಯಾರಂಬೋಲೇ ಮಾತ್ರ ಹೆಚ್ಚಾಗಿ ತನ್ನ ಪಾಡಿಗೆ ತಾನಿತ್ತು. ವಾಸನೆಯ ಪರೀಕ್ಷೆಯೂ ಇದನ್ನೇ ಹೇಳಿತು. ಗಂಡುನೊಣಗಳು ಮೀಥೈಲ್ ಯುಜಿನಾಲನ್ನು ತಿಂದು, ಅದರಿಂದ ಹೆಣ್ಣನ್ನು ಕರೆಯುವ ವಾಸನೆಯನ್ನು ತಯಾರಿಸುತ್ತವೆ. ಆ ನಾಲ್ಕರಲ್ಲಿ ವಾಸನೆಯ ವಸ್ತು ಒಂದೇ; ಕ್ಯಾರಂಬೋಲೇಯದು ಬೇರೆ.

2014ರ ಅಕ್ಟೋಬರಿನಲ್ಲಿ ಫಲಿತಾಂಶ ಹೊರಬಿತ್ತು. ಮಾರ್ಕ್ ಶುಟ್ಜೆ ಅವರ ಮುಂದಾಳುತನದಲ್ಲಿ 20 ದೇಶಗಳ ಸುಮಾರು 50 ವಿಜ್ಞಾನಿಗಳು ಸಹಿ ಹಾಕಿದ ಪ್ರಬಂಧ ಅದು. ಫಿಲಿಪ್ಪಿನೆನ್ಸಿಸನ್ನು 2013ರಲ್ಲಿಯೇ ಡ್ರ್ಯೂ ಮತ್ತು ರೋಮಿಗ್ ಅವರು ಪಪಾಯೇಗೆ ಸೇರಿಸಿದ್ದರು. ಈಗ ಪಪಾಯೇಯೂ ಇನ್ವೇಡೆನ್ಸೂ ಡಾರ್ಸಾಲಿಸ್ಸಿನೊಳಗೆ ಸೇರಿದವು. ನಾಲ್ಕು ಹೆಸರಿನ ನೊಣ ಒಂದೇ ಎಂದಾಯಿತು. ಹಳೆಯ ಹೆಸರಿಗೆ ಮೊದಲ ಹಕ್ಕು ಎಂಬ ನಿಯಮದಂತೆ ಹೆಂಡೆಲ್ 1912ರಲ್ಲಿ ಇಟ್ಟ ಹೆಸರೇ ಉಳಿಯಿತು. ಕ್ಯಾರಂಬೋಲೇ ಬೇರೆ ಪ್ರಭೇದವಾಗಿಯೇ ನಿಂತಿತು.

ಎಲ್ಲರೂ ಒಪ್ಪಿದರೆಂದು ತಿಳಿಯಬೇಡಿ. 2016ರಲ್ಲಿ ಡ್ರ್ಯೂ ಮತ್ತು ರೋಮಿಗ್ ಈ ತೀರ್ಮಾನವನ್ನು ಒಪ್ಪದೆ ಹೆಸರುಗಳನ್ನು ಮತ್ತೆ ಎತ್ತಿ ನಿಲ್ಲಿಸಿದರು. 2017ರಲ್ಲಿ ಶುಟ್ಜೆ ಮತ್ತು ಸಂಗಡಿಗರು ಅದಕ್ಕೆ ಉತ್ತರ ಕೊಟ್ಟು, ಒಂದೇ ಪ್ರಭೇದವೆಂಬ ಮಾತನ್ನು ಎತ್ತಿಹಿಡಿದರು. ವಿಜ್ಞಾನದಲ್ಲಿ ತೀರ್ಪು ಬರುವುದು ಹೀಗೆಯೇ; ಸಾಕ್ಷ್ಯ ಹೆಚ್ಚಿದ ಕಡೆಗೆ ತಕ್ಕಡಿ ವಾಲುತ್ತದೆ.

ಹಾಗಾದರೆ ಕಾಣುವ ಭೇದವನ್ನೆಲ್ಲ ಮರೆತುಬಿಡಬಹುದೇ? ಅದೂ ಸಲ್ಲದು. ಒಂದನ್ನು ನಾಲ್ಕು ಎಂದರೆ ಹೇಗೆ ನಷ್ಟವೋ, ಎರಡನ್ನು ಒಂದು ಎಂದರೂ ಹಾಗೆಯೇ ನಷ್ಟ. ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ 1975ರಲ್ಲಿ ಸಿಕ್ಕ ನೊಣವನ್ನು ಮೊದಲು ಡಾರ್ಸಾಲಿಸ್ ಎಂದೇ ತಿಳಿದಿದ್ದರು. ಅದು ಕ್ಯಾರಂಬೋಲೇ ಎಂಬುದು ತಿಳಿದದ್ದು ಆ ಮೇಲೆ. 1996ರ ಹೊತ್ತಿಗೆ ಅದು ಬ್ರೆಜಿಲಿನ ಗಡಿಯನ್ನೂ ದಾಟಿತ್ತು.

ನಮ್ಮ ತೋಟಗಳಲ್ಲಿಯೂ ಇಂಥ ಎಚ್ಚರ ಬೇಕು. ದಕ್ಷಿಣ ಭಾರತದಲ್ಲಿ ಮಾವು, ಸೀಬೆಗಳ ಬಳಿ ನೇತುಹಾಕಿದ ಒಂದೇ ಬಲೆಗೆ ಡಾರ್ಸಾಲಿಸ್ ಜೊತೆಗೆ ಜೊನಾಟಾ, ಕರೆಕ್ಟಾ, ಕ್ಯಾರಿಯೇ ಎಂಬ ನೊಣಗಳೂ ಬೀಳುತ್ತವೆ. ಇವು ನಿಜವಾಗಿಯೂ ಬೇರೆ ಪ್ರಭೇದಗಳು. ಜೊನಾಟಾದ ಮೈ ಕೆಂಗಂದು. ರೆಕ್ಕೆಯ ಅಂಚಿನ ಗೀಟು ತುಂಡಾಗಿ ತುದಿಯಲ್ಲಿ ಚುಕ್ಕೆಯಾಗಿ ಉಳಿದಿರುತ್ತದೆ. ಡಾರ್ಸಾಲಿಸ್ಸಿನಲ್ಲಿ ಆ ಗೀಟು ತುಂಡಾಗದೆ ತುದಿಯವರೆಗೂ ಓಡುತ್ತದೆ. ದಕ್ಷಿಣ ಭಾರತದ ಹಣ್ಣಿನ ನೊಣಗಳನ್ನು ಹೀಗೆ ಗುರುತಿಸಲು ಬೆಂಗಳೂರಿನ ಡೇವಿಡ್ ಮತ್ತು ರಮಣಿ ಎಂಬ ವಿಜ್ಞಾನಿಗಳು 2011ರಲ್ಲಿ ಸಚಿತ್ರ ಕೈಪಿಡಿಯಂಥ ಪ್ರಬಂಧವನ್ನು ಪ್ರಕಟಿಸಿದ್ದಾರೆ. ಹೊಲದಲ್ಲಿ ಮಾಡಬೇಕಾದದ್ದು ಮಾತ್ರ ಎಲ್ಲರಿಗೂ ತಿಳಿದದ್ದೇ: ಉದುರಿದ ಹಣ್ಣನ್ನು ಮರದಡಿ ಬಿಡದೆ ಹೆಕ್ಕಿ ಆಳವಾಗಿ ಹೂಳುವುದು, ಮರದ ಬುಡದ ಮಣ್ಣನ್ನು ಕೆದಕಿ ಕೋಶಗಳನ್ನು ಬಿಸಿಲಿಗೆ ತರುವುದು, ಕಾಯಿ ಬಲಿಯುವ ಮುಂಚೆಯೇ ಬಲೆ ಕಟ್ಟುವುದು. ನೆರೆತೋಟದವರೂ ಜೊತೆಗೂಡಬೇಕು. ನೊಣಕ್ಕೆ ಬೇಲಿಯೂ ಇಲ್ಲ, ರಾಜ್ಯದ ಗಡಿಯೂ ಇಲ್ಲ.

ಓದುಗ ಮಿತ್ರರೇ, ಗಡಿಯಲ್ಲಿ ಬದುಕುವ ನಮಗೆ ಈ ಕಥೆಯ ತಿರುಳು ಬೇಗ ತಿಳಿಯುತ್ತದೆ. ಗೆರೆ ಎಳೆಯುವುದು ಕೆಲವೊಮ್ಮೆ ಅಗತ್ಯ. ಆದರೆ ಎಳೆಯುವ ಮುಂಚೆ ಎರಡು ತುದಿಗಳನ್ನಷ್ಟೇ ನೋಡದೆ ನಡುವಿನವರನ್ನೂ ಕೇಳಬೇಕು. ನೊಣದ ವಿಷಯದಲ್ಲಿ ಹಾಗೆ ಕೇಳಿದ್ದು ಇಪ್ಪತ್ತು ವರ್ಷ ತಡವಾಗಿ. ಅದರ ಬೆಲೆ ತೆತ್ತವರು ಬೆಳೆಗಾರರು. ಮುಂದಿನ ಮೇ ತಿಂಗಳಲ್ಲಿ ಹಣ್ಣು ಕೊಯ್ದು ಹುಳು ಕಂಡಾಗ ಬೇಸರಪಟ್ಟು ಬೀದಿಗೆ ಎಸೆಯಬೇಡಿ. ಅದನ್ನು ಹೂತುಹಾಕಿ. ಅದರ ಹೆಸರು ಈಗ ನಿಮಗೆ ಗೊತ್ತಿದೆ.